ಬೂದಿಗೂ ಬಾರ್‌ಕೋಡು ಬಂತು ಸ್ವಾಮಿ

ಮೈಸೂರಿನ ವಿಜಯನಗರದ ಕಡೆ ಒಂದು ಅಪಾರ್ಟ್‌ಮೆಂಟು, ಯಾವುದು ಅಂತ ಹೇಳಲ್ಲ, ನಾಳೆ ಲಿಫ್ಟಲ್ಲಿ ಅವರ ಮುಖ ನೋಡ್ಬೇಕು. ಅಲ್ಲಿ ಅಸೋಸಿಯೇಷನ್ನೋರು ಸೇರ್ಕೊಂಡು ಠರಾವು ಪಾಸ್ ಮಾಡಿದ್ರು, ಇನ್ಮೇಲೆ ಫಿನಾಯಿಲ್ ಇಲ್ಲ, ಆಸಿಡ್ ಇಲ್ಲ, ಎಲ್ಲಾ ಮನೇಲೇ ಮಾಡಿದ್ದು, ವಿಷ ಇಲ್ದೇ ಇರೋದು. 2015, 2016ರಲ್ಲಿ ದೇಶಕ್ಕೇ ನಂಬರ್ ಒನ್ ಸ್ವಚ್ಛ ನಗರ ಅನ್ನಿಸ್ಕೊಂಡು ಆಮೇಲೆ ಪಟ್ಟ ಇಂದೋರಿಗೆ ಹೋದ ಸಂಕಟ ಇನ್ನೂ ಆರಿಲ್ಲ ನೋಡಿ, ಕ್ಲೀನಿಂಗ್ ಅಂದ ತಕ್ಷಣ ನಮ್ಮೋರಿಗೆ ಮೈಮೇಲೆ ಬಂದ್ಬಿಡತ್ತೆ.

ಮೊದಲು ಬಂದಿದ್ದು ಆನ್‌ಲೈನ್ ಪಾರ್ಸಲ್ಲು. ಅಂಟುವಾಳದ ಪುಡಿ, ತೆಂಗಿನ ನಾರು, ಒಂದು ಡಬ್ಬಿ ಸೌದೆ ಬೂದಿ. ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ ಬಬಲ್ ರ‍್ಯಾಪು, ಅದರ ಮೇಲೆ ಟೇಪು, ಬಾರ್‌ಕೋಡು ಬೇರೆ. ಮೂರನೇ ಫ್ಲೋರಿನ ಅಜ್ಜಿ, ಮಳವಳ್ಳಿ ಕಡೆಯೋರು, ಕನ್ನಡಕ ಏರಿಸ್ಕೊಂಡು ರೇಟ್ ಓದಿ, "ಇದನ್ನ ನಾವು ತಿಪ್ಪೆಗೆ ಸುರೀತಿದ್ವಲ್ಲವ್ವ, ಗೊತ್ತಿದ್ರೆ ಮಡಿಕಂಡಿರ್ತಿದ್ವಿ" ಅಂದ್ರು. ಬೂದಿ ಮೇಲೆ ನನಗೇನೂ ಜಗಳ ಇಲ್ಲ, ಅದರ ಕ್ಷಾರ ಜಿಡ್ಡನ್ನ ಕಿತ್ತು ತೆಗೆಯತ್ತೆ, ಹುಣಸೆಹಣ್ಣಿನ ಹುಳಿ ಹಿತ್ತಾಳೆ ಕಿಲುಬು ಬಿಡಿಸತ್ತೆ, ಅಂಟುವಾಳದ ನೊರೆ ರೇಷ್ಮೆ ಸೀರೆಗೂ ಆಗತ್ತೆ. ಜಗಳ ಇರೋದು ಬಾರ್‌ಕೋಡಿನ ಜೊತೆ.

ಆಮೇಲೆ ಶುರುವಾಯ್ತು ಬಯೋ ಎಂಜೈಮು, ಅಂದ್ರೆ ಸಿಪ್ಪೆ ಕೊಳೆಸಿ ಮಾಡೋ ಕ್ಲೀನಿಂಗ್ ದ್ರಾವಣ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಕೊಳೆ ಹಾಕ್ಬೇಕು. ಗಾಜಿನ ಬಾಟ್ಲಿ ಆದ್ರೆ ಗ್ಯಾಸ್ ತುಂಬಿ ಸಿಡಿಯತ್ತೆ, ಪ್ಲಾಸ್ಟಿಕ್ಕೇ ಬೇಕು ಅಂದ್ರು, ಬಾಟ್ಲಿಗೋಸ್ಕರ ಮನೆಮನೇಲೂ ಎರಡೆರಡು ಲೀಟರ್ ಕೂಲ್‌ಡ್ರಿಂಕ್ಸ್ ತಂದು ಮಕ್ಕಳಿಗೆ ಕುಡಿಸಿದ್ರು, ಪರಿಸರಕ್ಕೋಸ್ಕರ. ಪಕ್ಕದಲ್ಲೇ ಮಂಡ್ಯ ಇರುವಾಗ ಬೆಲ್ಲಕ್ಕೇನು ಬರ, ಆದ್ರೆ ಆಲೆಮನೆಯೋರು ಏನೂ ಹಾಕ್ದೇ ಕಾಯಿಸಿದ ಕಪ್ಪು ಬೆಲ್ಲ ತೋರಿಸಿದ್ರೆ "ಗಲೀಜಾಗಿದೆ" ಅಂತ ಮೂಗು ಮುರಿದು, ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕಿ ಬಿಳುಪು ಮಾಡಿದ ಚಿನ್ನದ ಬಣ್ಣದ ಅಚ್ಚುಬೆಲ್ಲ ಆರಿಸ್ಕೊಂಡು ಬಂದು ಕೆಮಿಕಲ್ ಇಲ್ಲದ ದ್ರಾವಣಕ್ಕೆ ಹಾಕಿದ್ರು! ಮೊದಲ ತಿಂಗಳು ದಿನಾ ಮುಚ್ಚಳ ಸಡಿಲ ಮಾಡಿ ಗ್ಯಾಸ್ ಬಿಡ್ಬೇಕು, ಸೆಕ್ರೆಟರಿ ಸಾಹೇಬ್ರು ಅದನ್ನ ಮರೆತು ಊಟಿಗೆ ಹೋದ್ರು, ವಾಪಸ್ ಬರೋಷ್ಟರಲ್ಲಿ ಯುಟಿಲಿಟಿ ಸೀಲಿಂಗ್ ತುಂಬಾ ಕಿತ್ತಳೆ ಸಿಪ್ಪೆ. ಅದನ್ನ ಒರೆಸೋಕೆ ಏನು ಬಳಸಿದ್ರು ಅಂತ ಯಾರೂ ಕೇಳಲಿಲ್ಲ.

ಅಡುಗೆಸೋಡಾ ಮೇಲೆ ವಿನೆಗರ್ ಸುರಿಯೋ ರೀಲ್ಸ್ ಅಂತೂ ಗ್ರೂಪಲ್ಲಿ ದಿನಾ. ಬುಸ್ ಅಂತ ನೊರೆ ಬರತ್ತೆ, ಎಲ್ಲರೂ ವಾವ್ ಅಂತಾರೆ. ಹುಳಿ ಕ್ಷಾರ ಎರಡೂ ಒಂದನ್ನೊಂದು ಹೊಡ್ಕೊಂಡು ಸತ್ತು ಬಹುಪಾಲು ನೀರು, ಒಂಚೂರು ಉಪ್ಪು ಉಳಿಯತ್ತೆ ಅಷ್ಟೆ. ಬೇರೆಬೇರೆ ಬಳಸಿದ್ರೆ ನಲ್ಲಿ ಮೇಲಿನ ಬೋರ್‌ವೆಲ್ ನೀರಿನ ಬಿಳಿ ಕಲೆನ ವಿನೆಗರ್ ತೆಗೆಯತ್ತೆ, ಸೋಡಾ ಜಿಡ್ಡು ತೆಗೆಯತ್ತೆ. ಆದ್ರೆ ಅದರಲ್ಲಿ ನೊರೆ ಇಲ್ವಲ್ಲ, ವೀಡಿಯೋ ಯಾರು ನೋಡ್ತಾರೆ. ಅದೇ ಉತ್ಸಾಹದಲ್ಲಿ ಕಡಪ ಕಲ್ಲಿನ ಕಟ್ಟೆ ಮೇಲೂ ವಿನೆಗರ್ ಹಾಕಿ ಹೊಳಪು ಹೋಗಿ ಕಲ್ಲು ಬೆಳ್ಳಗೆ ಮಂಕಾಗಿದೆ, ಸುಣ್ಣದ ಕಲ್ಲು ಸ್ವಾಮಿ ಅದು, ಹುಳಿ ತಡ್ಕೊಳಲ್ಲ.

ಇಷ್ಟೆಲ್ಲಾ ಠರಾವು ಮಾಡಿದೋರು ಯಾರೂ ಉಜ್ಜಲ್ಲ ಅನ್ನೋದೊಂದು ಬಿಟ್ಟೆ. ಉಜ್ಜೋದು ಕೆಲಸದ ಅಕ್ಕ. ಮುಂಚೆ ಆಸಿಡ್ ಹಾಕಿ ಬಿಟ್ರೆ ಹೋಗ್ತಿದ್ದ ಕಮೋಡ್ ಕಲೆನ ಈಗ ಸೋಡಾ ಹಾಕಿ ತೋಳು ಬೀಳೋವರೆಗೂ ತಿಕ್ಕಬೇಕು. ಸಂಬಳ ಜಾಸ್ತಿ ಕೇಳಿದ್ದಕ್ಕೆ "ನಿನ್ನ ಆರೋಗ್ಯಕ್ಕೇ ಅಲ್ವೇನಮ್ಮ ಇದು" ಅಂದ್ರಂತೆ.

ಕೊನೆಗೆ ಕ್ಲಬ್‌ಹೌಸ್ ಬಾತ್‌ರೂಮಿನ ವಾಸನೆ ತಡೀಲಾರದೆ ಯಾರೋ ಗುಟ್ಟಾಗಿ ಬ್ಲೀಚಿಂಗ್ ಪೌಡರ್ ಉದುರಿಸಿದ್ದಾರೆ, ಅದು ಗೊತ್ತಿಲ್ದೇ ಇನ್ನೊಬ್ರು ಮೇಲಿಂದ ಅರ್ಧ ಬಾಟ್ಲಿ ವಿನೆಗರ್ ಸುರಿದಿದ್ದಾರೆ. ಎರಡೂ ಸೇರಿದ್ರೆ ಏಳೋದು ಕ್ಲೋರಿನ್ ಗ್ಯಾಸು, ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು. ವಾಚ್‌ಮನ್ನು ಕೆಮ್ತಾ ಓಡಿಬಂದ, ಕೇರಂ ಆಡ್ತಿದ್ದೋರೆಲ್ಲ ಕಣ್ಣುಜ್ಕೊಂಡು ಪಾರ್ಕಿಂಗಿಗೆ ಬಂದ್ರು, ಪುಣ್ಯಕ್ಕೆ ಕಿಟಕಿ ತೆಗೆದಿತ್ತು. ಅಲ್ಲೇ ಅರ್ಜೆಂಟ್ ಮೀಟಿಂಗ್ ಆಗಿ, ಅಂಗಡಿ ವಿನೆಗರ್ ನಂಬೋ ಹಾಗಿಲ್ಲ, ಇನ್ಮೇಲೆ ಆರ್ಗಾನಿಕ್ ವಿನೆಗರ್ರೇ ತರಿಸೋದು ಅಂತ ಸರ್ವಾನುಮತದಿಂದ ಪಾಸಾಯ್ತು.