ಎರಡು ದಿನ ಜಾಸ್ತಿ ಬಂದ್ ಇರಲಿ, ಗುಂಡಿ ಗರಸಿನಿಂದ ತುಂಬಲಿ

ಗದಗ-ಬೆಟಗೇರಿಯ ಓಣಿಗಳಲ್ಲಿ ಮೊದಲ ದೊಡ್ಡ ಮಳೆ ಆದ ಮರುದಿನ ಒಮ್ಮೆ ಅಡ್ಡಾಡಿ ನೋಡಿ. ತಗ್ಗು ಎಲ್ಲೆಂದರಲ್ಲಿ ಬಿದ್ದಿರುವುದಿಲ್ಲ. ನೀರಿನ ಪೈಪು ಹೋದ ದಾರಿಯಲ್ಲೇ, ಗೆರೆ ಎಳೆದಂತೆ, ಎರಡು ಅಡಿ ಅಗಲಕ್ಕೆ ರಸ್ತೆ ಕೂತಿರುತ್ತದೆ. ಮನೆ ನಳಕ್ಕಾಗಿ ಅಗೆದ ಕಡೆಯೆಲ್ಲ ಅಡ್ಡಗೆರೆ. ಮಳೆಯನ್ನು ಬೈದು ಏನು ಬಂತು? ಪೈಪು ಇಟ್ಟ ಮೇಲೆ ಗುಂಡಿಯನ್ನು ಹೇಗೆ ತುಂಬಿದರು ಎಂಬುದು ಅಲ್ಲಿ ಬಯಲಾಗಿದೆ, ಅಷ್ಟೇ.

ನಮಗೆ ಸಿಟ್ಟು ಬರುವುದು ರಸ್ತೆ ಬಂದ್ ಆದಾಗ. ಅಂಗಡಿಯವರು, ಆಟೋದವರು, ಸಾಲಿಗೆ ಮಕ್ಕಳನ್ನು ಬಿಡುವವರು ಎಲ್ಲರೂ "ಯಾವಾಗ ಬಿಡ್ತೀರಿ" ಅಂತ ಒತ್ತಾಯಿಸುತ್ತೇವೆ. ಅದೇ ನೆಪವಾಗಿ ಜೆಸಿಬಿ ಬಂದು ತೆಗೆದ ಮಣ್ಣನ್ನೇ ಒಮ್ಮೆಗೇ ದೂಡಿ, ಬಕೆಟ್ಟಿನಿಂದ ನಾಲ್ಕು ಸಲ ಕುಟ್ಟಿ ಹೋಗುತ್ತದೆ. ಮೇಲೆ ದಿಬ್ಬ ಬಿಟ್ಟು "ಗಾಡಿ ಓಡಾಡಿದರೆ ತಾನೇ ಕೂಡುತ್ತದೆ" ಅನ್ನುತ್ತಾರೆ. ಕೂಡುತ್ತದೆ ನಿಜ, ಆದರೆ ಡಾಂಬರು ಹಾಕಿದ ಮೇಲೆ. ಬ್ಯಾರಿಕೇಡ್ ಬೇಗ ತೆಗೆಯಿರಿ ಎನ್ನುವ ನಮ್ಮ ಒತ್ತಾಯ ಗುಂಡಿ ಸರಿಯಾಗಿ ತುಂಬಿರಿ ಎನ್ನುವ ಕಡೆ ತಿರುಗಬೇಕು.

ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಎಷ್ಟು ಉಬ್ಬುತ್ತದೆ ಎಂದು ನೋಡುವ ಪರೀಕ್ಷೆ ಬಹಳ ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣು ತಲಾ 10 ಗ್ರಾಂ ತೆಗೆದುಕೊಂಡು ಎರಡು ಅಳತೆ ಗಾಜಿನ ಕೊಳವೆಗಳಿಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ತಾಸು ಬಿಟ್ಟು ನೋಡಿದಾಗ ಸೀಮೆಎಣ್ಣೆಯಲ್ಲಿ 10 ಮಿಲಿ ಇದ್ದದ್ದು ನೀರಿನಲ್ಲಿ 15 ಮಿಲಿ ಆಗಿದ್ದರೆ ಉಬ್ಬು ಶೇ. 50. ಅದಕ್ಕಿಂತ ಜಾಸ್ತಿ ಉಬ್ಬುವ ಮಣ್ಣನ್ನು ಭರ್ತಿಗೆ ಬಳಸಬಾರದು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಯಲ್ಲೇ ಇದೆ. ಅಗೆದ ಎರೆಮಣ್ಣು ಹೆಂಟೆ ಹೆಂಟೆಯಾಗಿ ಬೀಳುವುದರಿಂದ ನಡುವೆ ಗಾಳಿ ಉಳಿಯುತ್ತದೆ. ಮಳೆ ನೀರು ಇಳಿದಾಗ ಹೆಂಟೆ ಕರಗಿ ಆ ಪೊಳ್ಳು ಮುಚ್ಚಿಕೊಳ್ಳುತ್ತದೆ, ಮೇಲಿನ ಡಾಂಬರಿಗೆ ಆಧಾರವೇ ಇರುವುದಿಲ್ಲ.

ಹಾಗಾದರೆ ತುಂಬುವುದು ಹೇಗೆ? ಪೈಪಿನ ಕೆಳಗೆ 10 ಸೆಂ.ಮೀ. ಉಸುಕು, ಪಕ್ಕಕ್ಕೆ ಕೈಯಿಂದ ಒತ್ತಿ ತುಂಬಿದ ಉಸುಕು, ಪೈಪಿನ ಮೇಲೂ 15 ಸೆಂ.ಮೀ. ಅಲ್ಲಿಂದ ಮೇಲಕ್ಕೆ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು), 15ರಿಂದ 20 ಸೆಂ.ಮೀ. ಪದರಗಳಲ್ಲಿ. ಪ್ರತಿ ಪದರಕ್ಕೂ ನೀರು ಚಿಮುಕಿಸಿ ಪ್ಲೇಟ್ ಕಂಪ್ಯಾಕ್ಟರ್ ಇಲ್ಲವೇ ಯಂತ್ರದ ಧುಮ್ಮಸ ಹೊಡೆಯಬೇಕು. ಎರಡಡಿ ಗುಂಡಿಯೊಳಗೆ ದೊಡ್ಡ ರೋಲರ್ ಇಳಿಯುವುದಿಲ್ಲ, ಮೇಲಿಂದ ಓಡಿಸಿದರೆ ತಳದ ಪದರಕ್ಕೆ ಅದರ ಒತ್ತಡ ತಲುಪುವುದೂ ಇಲ್ಲ. ನೀರಿನ ಹದ ಕೈಯಲ್ಲೇ ಗೊತ್ತಾಗುತ್ತದೆ. ಒಂದು ಮುಷ್ಟಿ ಗರಸು ಹಿಡಿದು ಬಿಗಿಯಾಗಿ ಒತ್ತಿ. ಉಂಡೆ ಕಟ್ಟಬೇಕು, ಬೆರಳಿನಿಂದ ಮುರಿದರೆ ಎರಡು ಹೋಳಾಗಬೇಕು. ಪುಡಿಯಾಗಿ ಉದುರಿದರೆ ನೀರು ಸಾಲದು, ಅಂಗೈಗೆ ಮೆತ್ತಿಕೊಂಡರೆ ಹೆಚ್ಚಾಗಿದೆ.

ಲೆಕ್ಕವನ್ನೂ ಹಾಕಿ ನೋಡಿ. 100 ಮೀಟರ್ ಉದ್ದ, 60 ಸೆಂ.ಮೀ. ಅಗಲ, 1 ಮೀಟರ್ ಆಳ ಅಂದರೆ 60 ಘನ ಮೀಟರ್. ಪೈಪು, ಉಸುಕು, ಮೇಲಿನ ಖಡಿಯ ಜಾಗ ಕಳೆದರೆ ಸುಮಾರು 40 ಘನ ಮೀಟರ್ ಗರಸು ಕೂಡಬೇಕು. ಗರಸು ಸಡಿಲವಾಗಿ ಬಂದು ಕುಟ್ಟಿದಾಗ ಇಳಿಯುವುದರಿಂದ ಟಿಪ್ಪರಿನಲ್ಲಿ 50 ಘನ ಮೀಟರ್, ಅಂದರೆ ಹತ್ತಿರ ಹತ್ತಿರ 18 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಬರಬೇಕು. ನಿಮ್ಮ ಓಣಿಗೆ ಗರಸಿನ ಗಾಡಿಯೇ ಬಂದಿಲ್ಲ, ಅಗೆದ ಕರಿ ಮಣ್ಣೂ ಹೊರಗೆ ಹೋಗಿಲ್ಲ ಅಂದರೆ ಒಳಗೆ ಏನಿದೆ ಎಂದು ಬೇರೆ ಯಾರೂ ಹೇಳಬೇಕಿಲ್ಲ.

ಡಾಂಬರಿನ ತೇಪೆಯಲ್ಲೂ ಹೀಗೇ ಕೈ ತಪ್ಪುತ್ತದೆ. ಜೆಸಿಬಿ ಹಲ್ಲಿಗೆ ಸಿಕ್ಕ ಅಂಚು ಅಡಿಯಲ್ಲಿ ಪೊಳ್ಳಾಗಿರುತ್ತದೆ. ಗುಂಡಿಯ ಎರಡೂ ಬದಿ ಕನಿಷ್ಠ 15 ಸೆಂ.ಮೀ. ಹೆಚ್ಚಿಗೆ, ಕಟರ್‌ನಿಂದ ನೆಟ್ಟಗೆ ಕೊಯ್ದು, ಧೂಳು ಪೂರ್ತಿ ತೆಗೆದು ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಹೊಡೆಯಬೇಕು. ಹಳೇ ಡಾಂಬರಿನ ಮೇಲೆ ಚದರ ಮೀಟರಿಗೆ 200ರಿಂದ 300 ಗ್ರಾಂ ಸಾಕು. ಹೊಡೆದಾಗ ಅದು ಚಹಾದ ಬಣ್ಣ. ನೀರು ಬಿಟ್ಟುಕೊಂಡು ಕಪ್ಪಾಗಿ ಅಂಟು ಬರುವವರೆಗೆ ಕಾಯಬೇಕು, ಕಂದು ಇದ್ದಾಗಲೇ ಡಾಂಬರು-ಖಡಿಯ ಮಾಲು ಸುರಿದರೆ ತೇಪೆ ಹಪ್ಪಳದಂತೆ ಎದ್ದು ಬರುತ್ತದೆ. ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರಿನ ಬಿಸಿ ಮಾಲು ಹಾಸುವಾಗ 140 ಡಿಗ್ರಿಗಿಂತ ಕಡಿಮೆ ಇರಬಾರದು, ರೋಲರ್ ಕೆಲಸ 90 ಡಿಗ್ರಿಗೆ ಇಳಿಯುವುದರೊಳಗೆ ಮುಗಿಯಬೇಕು. ಟಾರ್ಪಾಲಿನ್ ಹೊದಿಸದೆ ದೂರದ ಪ್ಲಾಂಟಿನಿಂದ ಬಂದು, ಬಿಸಿ ಆರಿದ ಮೇಲೆ ಸಲಿಕೆಯಿಂದ ಹೆಂಟೆ ಒಡೆದು ಹಾಕುವ ಮಾಲನ್ನು ಹಾಸದೆ ವಾಪಸ್ ಕಳಿಸುವುದೇ ಸರಿ. ಥರ್ಮಾಮೀಟರ್ ದುಬಾರಿ ವಸ್ತುವೇನಲ್ಲ.

ಕಾಂಕ್ರೀಟ್ ರಸ್ತೆ ಬಂದ್ ಆದಾಗ ಮಾತ್ರ ದಯವಿಟ್ಟು ತಾಳ್ಮೆ ಇರಲಿ. ಕಾಂಕ್ರೀಟ್ ಗಟ್ಟಿಯಾಗಲು ಅದರ ಮೇಲೆ ಹೊದಿಸಿದ ಗೋಣಿಚೀಲ 14 ದಿನ ಹಸಿಯಾಗಿರಬೇಕು, ಭಾರದ ಗಾಡಿ 28 ದಿನದ ಮೇಲೆ. ಕಾಂಕ್ರೀಟ್ ಹಾಕುವ ಮೊದಲು ಅಲ್ಲಲ್ಲಿ ಅಡ್ಡಕ್ಕೆ ಖಾಲಿ ಪೈಪು ಹೂಳಿ ಬಿಟ್ಟರೆ ಮುಂದೆ ನಳಕ್ಕೆ, ಕೇಬಲ್ಲಿಗೆ ಒಡೆಯುವ ಪ್ರಶ್ನೆಯೇ ಇಲ್ಲ. ಇಷ್ಟು ಸಣ್ಣ ಕೆಲಸ ಬಿಟ್ಟುಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಂದ್ ಮಾಡುವುದಕ್ಕೂ ಕ್ರಮ ಇದೆ. ಬೋರ್ಡ್ ಬೇಕಾದದ್ದು ಗುಂಡಿಯ ಮುಂದೆ ಒಂದೇ ಅಲ್ಲ, ಗಾಡಿ ತಿರುಗಿಸಲು ಜಾಗ ಇರುವ ಕೊನೆಯ ಕೂಟಿನಲ್ಲೂ ಬೇಕು. ಮುಳಗುಂದ ನಾಕಾದಲ್ಲೇ ಗೊತ್ತಾಗಬೇಕಾದ ಸುದ್ದಿ ಓಣಿಯ ಒಳಗೆ ಬಂದ ಮೇಲೆ ಗೊತ್ತಾದರೆ ಲಾರಿ ಹಿಂದಕ್ಕೆ ಹೋಗುವುದು ಹೇಗೆ, ಆಂಬುಲೆನ್ಸ್ ಏನು ಮಾಡಬೇಕು? ರಾತ್ರಿ ಹೊತ್ತು ಕಲ್ಲು, ಮಣ್ಣಿನ ಗುಡ್ಡೆ ಅಡ್ಡ ಹಾಕುವುದು ಜೀವಕ್ಕೇ ಅಪಾಯ. ಪ್ರತಿಫಲಿಸುವ ಪಟ್ಟಿಯ ಬ್ಯಾರಿಕೇಡ್, ಕೆಂಪು ದೀಪ ಇರಲೇಬೇಕು. ವಾಹನ ಸಂಚಾರ ನಿರ್ಬಂಧಕ್ಕೆ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಇದೆ. ಒಂದು ತಿಂಗಳೊಳಗಿನ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆ ಬೇಕಿಲ್ಲ, ಆದರೆ ಸ್ಥಳೀಯವಾಗಿ ಜನರಿಗೆ ತಿಳಿಸಲೇಬೇಕು. ಆದೇಶದಲ್ಲಿ ಮುಗಿಯುವ ದಿನಾಂಕ ಮತ್ತು ಬದಲಿ ಮಾರ್ಗ ಬರೆದಿದೆಯೇ ಎಂದು ಕೇಳಿ.

ಓಣಿಯವರು ಗುಂಡಿ ತೆರೆದಿರುವಾಗಲೇ ಫೋಟೋ ತೆಗೆದಿಡಿ, ಪಕ್ಕದಲ್ಲಿ ಅಳತೆ ಟೇಪು ಹಿಡಿದು, ಪ್ರತಿ ಪದರಕ್ಕೊಂದು. ಮುಚ್ಚಿದ ಮೇಲೆ ಒಳಗಿನದನ್ನು ಯಾರೂ ಕಾಣರು. ನಗರಸಭೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ಕಾಮಗಾರಿಯ ಅಳತೆ ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ದಾಖಲೆ) ಪುಟ ಕೇಳಿ. ಅಲ್ಲಿ ಎಷ್ಟು ಘನ ಮೀಟರ್ ಗರಸು ಎಂದು ಬರೆದಿದ್ದಾರೋ ಅದನ್ನು ನೀವು ಎಣಿಸಿದ ಟಿಪ್ಪರಿನ ಲೆಕ್ಕದ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ (ಕೆಲಸ ಕೆಟ್ಟರೆ ಅವನೇ ಸರಿಪಡಿಸಬೇಕಾದ ಅವಧಿ) ಮುಗಿಯುವುದರೊಳಗೆ ಫೋಟೋ ಸಮೇತ ಪೌರಾಯುಕ್ತರಿಗೆ ಬರೆದು, ಸ್ವೀಕೃತಿ ಪಡೆದುಕೊಳ್ಳಿ.