ಸೀಟು ಕಡಿಮೆ, ಜನ ಜಾಸ್ತಿ: ಹಬ್ಬದ ಹೊತ್ತಿಗೆ ರೈಲು ದರ ಏರಿಸುವುದು ಸರಿಯೇ?

ಚೌತಿ, ದಸರಾ, ದೀಪಾವಳಿ ಹತ್ತಿರ ಬಂದರೆ ಬೆಂಗಳೂರಿನಿಂದ ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಗೆ ಹೋಗುವ ರೈಲುಗಳಲ್ಲಿ ಸೀಟು ಸಿಗುವುದಿಲ್ಲ. ಸಿಕ್ಕರೆ ಅದು ತತ್ಕಾಲ್‌ನಲ್ಲಿ, ಬೇಡಿಕೆ ಏರಿದಂತೆ ದರವೂ ಏರುವ ಪ್ರೀಮಿಯಂ ತತ್ಕಾಲ್‌ನಲ್ಲಿ, ಇಲ್ಲವೇ ಸೊನ್ನೆಯಿಂದ ಶುರುವಾಗುವ ನಂಬರಿನ ಸ್ಪೆಷಲ್ ರೈಲಿನಲ್ಲಿ. ಮೂರಕ್ಕೂ ಸಾಮಾನ್ಯವಾಗಿ ದರ ಜಾಸ್ತಿ. ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಲ್ಲಿ 2016ರ ಸೆಪ್ಟೆಂಬರ್‌ನಿಂದಲೇ ಫ್ಲೆಕ್ಸಿ ದರ ಇದೆ. ಶೇ 10ರಷ್ಟು ಸೀಟು ಮಾರಾಟವಾದಾಗಲೆಲ್ಲ ಮೂಲ ದರಕ್ಕೆ ಇನ್ನೊಂದು ಶೇ 10 ಸೇರುತ್ತಾ ಹೋಗುತ್ತದೆ, ಒಂದು ಮಿತಿಯವರೆಗೆ. ಬೇಡಿಕೆ ನೋಡಿ ಬೆಲೆ ಕಟ್ಟುವ ಈ ಪದ್ಧತಿ ಸರ್ಕಾರಿ ರೈಲಿಗೆ ಒಪ್ಪುತ್ತದೆಯೇ?

ಪರ: ಹೆಚ್ಚುವರಿ ದುಡ್ಡು ಏಜೆಂಟರ ಬದಲು ರೈಲ್ವೆ ಇಲಾಖೆಗೇ ಹೋಗಲಿ

ಮೊದಲು ಬಸ್ಸುಗಳನ್ನು ನೋಡಿ. ಹಬ್ಬದ ಹಿಂದಿನ ರಾತ್ರಿ ಹುಬ್ಬಳ್ಳಿಗೆ ಹೋಗುವ ಖಾಸಗಿ ಸ್ಲೀಪರ್ ಬಸ್ಸು ಮಾಮೂಲಿ ದರದ ಎರಡು ಪಟ್ಟು ಕೇಳಿದರೂ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಸಾರಿಗೆ ಇಲಾಖೆ ಪ್ರತಿ ವರ್ಷ ಎಚ್ಚರಿಕೆ ಕೊಡುತ್ತದೆ. ಪ್ರತಿ ವರ್ಷ ದರ ಏರಿಯೇ ಏರುತ್ತದೆ. ಅದೇ ರಾತ್ರಿ ಅದೇ ಊರಿಗೆ ರೈಲಿನ ಸ್ಲೀಪರ್ ಟಿಕೆಟ್ ಮುನ್ನೂರು ರೂಪಾಯಿ ಆಸುಪಾಸು. ತತ್ಕಾಲ್ ಆದರೆ ಸ್ಲೀಪರ್‌ಗೆ ಹೆಚ್ಚುವರಿಯಾಗಿ ಬೀಳುವುದು 100ರಿಂದ 200 ರೂಪಾಯಿ. ಇದನ್ನು ಸುಲಿಗೆ ಅನ್ನಲು ಬಾಯಿ ಬರುವುದಿಲ್ಲ.

ರೈಲ್ವೆ ಟಿಕೆಟ್ ಮೇಲೆ ಒಂದು ಸಾಲು ಅಚ್ಚಾಗಿ ಬರುತ್ತಿದ್ದುದು ಹಲವರಿಗೆ ನೆನಪಿರಬಹುದು: ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ 57ರಷ್ಟು ಮಾತ್ರ ಪ್ರಯಾಣಿಕರಿಂದ ವಸೂಲಾಗುತ್ತದೆ ಅಂತ. ಈಚೆಗೆ ರೈಲ್ವೆ ಸಚಿವರು ಹೇಳುವ ಲೆಕ್ಕ ಇನ್ನೂ ಕಡಿಮೆ. 100 ರೂಪಾಯಿ ಖರ್ಚಾಗುವ ಕಡೆ ಇಲಾಖೆಗೆ ಬರುವುದು 54 ಚಿಲ್ಲರೆ. ಉಳಿದದ್ದನ್ನು ತುಂಬಿಕೊಡುವುದು ಬಹುಪಾಲು ಗೂಡ್ಸ್ ರೈಲುಗಳು. ಬಳ್ಳಾರಿ, ಹೊಸಪೇಟೆ ಕಡೆಯಿಂದ ಅದಿರು ಹೊತ್ತು ಹೋಗುವ ರೈಲೂ ನಮ್ಮ ಟಿಕೆಟ್ಟಿಗೆ ಒಂದಿಷ್ಟು ದುಡ್ಡು ಹಾಕುತ್ತಿದೆ ಅಂತಾಯಿತು. ಹೀಗಿರುವಾಗ, ಅರ್ಜೆಂಟಾಗಿ ಹೋಗಲೇಬೇಕು, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ ಅನ್ನುವವರಿಂದ ಒಂದಿಷ್ಟು ಹೆಚ್ಚು ತೆಗೆದುಕೊಂಡರೆ ತಪ್ಪೇನು?

ಸೀಟು ಸಾಲದಿದ್ದರೆ ರೈಲು ಜಾಸ್ತಿ ಬಿಡಿ ಅನ್ನುವುದು ಸುಲಭ. ಮಂಗಳೂರು ದಾರಿಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿ ನೋಡಿ. ಇರುವುದು ಒಂದೇ ಹಳಿ. ಏರು ಎಷ್ಟು ಕಡಿದೆಂದರೆ 50 ಮೀಟರ್ ಸಾಗಿದರೆ 1 ಮೀಟರ್ ಮೇಲೇರಬೇಕು. ಹತ್ತುವ ರೈಲಿಗೆ ಹಿಂದಿನಿಂದ ತಳ್ಳಲು ಬೇರೆ ಇಂಜಿನ್ ಕಟ್ಟುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಎಲ್ಲ ಬಂದ್. ಮಂಗಳೂರಿನವರು ಎಷ್ಟೇ ಒತ್ತಾಯ ಮಾಡಿದರೂ ಹಬ್ಬಕ್ಕೆ ಅಂತ ಅಲ್ಲಿ ಹತ್ತು ರೈಲು ಸೇರಿಸಲು ಆಗುವುದಿಲ್ಲ. ಇರುವ ಸೀಟನ್ನೇ ಹಂಚಬೇಕು. ದರ ಇಳಿಸಿಟ್ಟು ಹಂಚಲು ಹೋದರೆ ಮುಂದೆ ಬಂದು ನಿಲ್ಲುವವರು ಯಾರು ಅಂತ ಗೊತ್ತಲ್ಲ: ಹತ್ತಾರು ಐಡಿ ಇಟ್ಟುಕೊಂಡ ಏಜೆಂಟರು, ಕಣ್ಣು ಮಿಟುಕಿಸುವುದರಲ್ಲಿ ಫಾರ್ಮ್ ತುಂಬುವ ಸಾಫ್ಟ್‌ವೇರ್‌ನವರು. ಅವರ ಕಾಟಕ್ಕೇ 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಬೇಕಾಯಿತು. ಮೊದಲ ಅರ್ಧ ಗಂಟೆ ಏಜೆಂಟರು ತತ್ಕಾಲ್ ಬುಕ್ ಮಾಡುವ ಹಾಗಿಲ್ಲ ಅನ್ನುವ ನಿಯಮವೂ ಬಂತು. ಸೀಟಿನ ನಿಜವಾದ ಬೆಲೆ ಇಲಾಖೆಯೇ ತೆಗೆದುಕೊಂಡರೆ ಏಜೆಂಟನಿಗೆ ಉಳಿಯುವುದಾದರೂ ಏನು?

ಇನ್ನು, ಕಡಿಮೆ ದುಡ್ಡಿನಲ್ಲಿ ಹೋಗುವ ದಾರಿ ಏನೂ ಮುಚ್ಚಿಲ್ಲ. 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ. ಸೂಪರ್‌ಫಾಸ್ಟ್ ಬಿಟ್ಟು ಮಾಮೂಲಿ ಎಕ್ಸ್‌ಪ್ರೆಸ್ ಹಿಡಿದರೆ ಸ್ಲೀಪರ್‌ನಲ್ಲಿ 30 ರೂಪಾಯಿ ಉಳಿಯುತ್ತದೆ. ಕೌಂಟರ್‌ನಲ್ಲಿ ತೆಗೆದರೆ ಆನ್‌ಲೈನ್‌ನ ಕನ್ವೀನಿಯನ್ಸ್ ಫೀ ಇಲ್ಲ. ಹಗಲಿನ ರೈಲಿನಲ್ಲಿ ಸೆಕೆಂಡ್ ಸಿಟಿಂಗ್, ಅಂದರೆ ಕೂತು ಹೋಗುವ ಸೀಟು, ಸಿಕ್ಕರೆ ಸ್ಲೀಪರ್‌ಗಿಂತ ಎಷ್ಟೋ ಅಗ್ಗ. ದೂರ ಹೆಚ್ಚಿದಷ್ಟೂ ಕಿಲೋಮೀಟರಿಗೆ ಬೀಳುವ ದರ ಇಳಿಯುವುದರಿಂದ, ಕಲಬುರಗಿಯಿಂದ ಮೈಸೂರಿಗೆ ಹೊರಟವರು ಬೆಂಗಳೂರಿಗೊಂದು, ಅಲ್ಲಿಂದ ಮುಂದಕ್ಕೊಂದು ಅಂತ ತೆಗೆಯದೆ ನೇರ ರೈಲಿಗೆ ಒಂದೇ ಟಿಕೆಟ್ ಮಾಡಿಸಿದರೆ ಲಾಭ. ಇಷ್ಟೆಲ್ಲ ಇದ್ದೂ ಕೊನೇ ದಿನ ಹೊರಡುವವರು ಸ್ವಲ್ಪ ಹೆಚ್ಚು ಕೊಡಲಿ.

ವಿರೋಧ: ದರ ಏರಿಸಿದರೆ ಬರ್ತ್ ಹೆಚ್ಚುವುದಿಲ್ಲ

ಈಗಿನ ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿಯ ಸ್ಲೀಪರ್ ಬೋಗಿಯಲ್ಲಿ 80 ಬರ್ತ್. ದರ ಎಷ್ಟೇ ಏರಿಸಿ, 80 ಬರ್ತ್ 81 ಆಗುವುದಿಲ್ಲ. ಬದಲಾಗುವುದು ಅದರ ಮೇಲೆ ಯಾರು ಮಲಗುತ್ತಾರೆ ಅನ್ನುವುದು ಮಾತ್ರ.

'60 ದಿನ ಮೊದಲೇ ಬುಕ್ ಮಾಡಬಹುದಿತ್ತಲ್ಲ' ಅನ್ನುವ ಮಾತು ಬಹಳ ಸಲ ಕೇಳಿಬರುತ್ತದೆ. ಯಾರು ಮಾಡಬಹುದು? ವರ್ಷದ ರಜೆಯ ಪಟ್ಟಿ ಜನವರಿಯಲ್ಲೇ ಕೈಗೆ ಸಿಗುವವರು. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೂರುವ ಸೆಕ್ಯೂರಿಟಿಯವರಿಗೆ, ಹೋಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗನಿಗೆ, ಕಟ್ಟಡದ ಕೆಲಸಕ್ಕೆ ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರಿಗೆ ರಜೆ ಇದೆಯೋ ಇಲ್ಲವೋ ಗೊತ್ತಾಗುವುದೇ ಹಬ್ಬಕ್ಕೆ ಎರಡು ದಿನ ಇರುವಾಗ. ಮೇಸ್ತ್ರಿ ಬಟವಾಡೆ ಕೊಡಬೇಕು, ಬದಲಿ ಆಳು ಸಿಗಬೇಕು, ಆಮೇಲೆ ಊರು. ಅವರು ತಡ ಮಾಡಿದ್ದಲ್ಲ. ಅವರ ರಜೆ ಇನ್ನೊಬ್ಬರ ಕೈಯಲ್ಲಿದೆ. ಕೊನೇ ಗಳಿಗೆಯ ದರ ಬೀಳುವುದು ಇವರ ತಲೆಯ ಮೇಲೆ. ಹೊರಡುವ ದಿನ ಗೊತ್ತಿರುವವರು ಮಾಮೂಲಿ ದರಕ್ಕೇ ಟಿಕೆಟ್ ತೆಗೆದು ಹಾಯಾಗಿರುತ್ತಾರೆ. ಬಡವರಿಗೆ ಜಾಸ್ತಿ, ಉಳ್ಳವರಿಗೆ ಕಡಿಮೆ. ಯಾವ ಊರಿನ ನ್ಯಾಯ ಇದು?

ತತ್ಕಾಲ್ ಕೌಂಟರ್ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಸ್ಲೀಪರ್ ಬುಕಿಂಗ್ ಶುರುವಾಗುವುದು 11ಕ್ಕೆ. ಜನ ನಸುಕಿಗೇ ಬಂದು ಸಾಲು ಹಿಡಿದಿರುತ್ತಾರೆ. ಅಷ್ಟು ಹೊತ್ತಿಗೆ ಬಂದರೂ ಮೊದಲನೆಯವರಾಗುವುದು ಕಷ್ಟ. ರಿಸರ್ವೇಶನ್ ಫಾರ್ಮ್ ತುಂಬಿ ಕೈಯಲ್ಲಿ ಮಡಚಿ ಹಿಡಿದಿರುತ್ತಾರೆ. ಬರೆಯಲು ಬಾರದವರು ಪಕ್ಕದವರ ಕೈಗೆ ಕೊಟ್ಟು 'ಸ್ವಲ್ಪ ತುಂಬಿಕೊಡಿ ಅಣ್ಣ' ಅನ್ನುತ್ತಾರೆ. 11 ಹೊಡೆದ ಮೇಲೆ ಕಿಟಕಿಯ ಒಳಗೆ ಕೀಬೋರ್ಡ್ ಸದ್ದು. ಮುಂದೆ ನಿಂತ ಒಬ್ಬಿಬ್ಬರಿಗೆ ಬರ್ತ್ ಸಿಗುತ್ತದೆ, ಹಿಂದಿನವರಿಗೆ ವೇಟಿಂಗ್ ಲಿಸ್ಟ್. ಸಾಲು ಕರಗುತ್ತದೆ, ಅರ್ಧ ದಿನದ ಕೂಲಿಯೂ ಹೋಯಿತು. ಅದೇ ಹೊತ್ತಿಗೆ ಮೊಬೈಲ್‌ನಲ್ಲಿ ಅದೇ ರೈಲಿನ ಪ್ರೀಮಿಯಂ ತತ್ಕಾಲ್‌ನಲ್ಲಿ ಸೀಟು ಇನ್ನೂ ಹಸಿರು ತೋರಿಸುತ್ತಿರುತ್ತದೆ, ದುಪ್ಪಟ್ಟೋ ಇನ್ನೂ ಹೆಚ್ಚೋ ದರಕ್ಕೆ. ಅಂದರೆ ಸೀಟು ಇತ್ತು. ಬೇರೆ ಬೋಗಿ ಏನೂ ಜೋಡಿಸಿಲ್ಲ, ಇದ್ದ ಬರ್ತ್‌ಗಳಲ್ಲೇ ಒಂದಿಷ್ಟನ್ನು ಪಕ್ಕಕ್ಕೆ ಎತ್ತಿಟ್ಟಿದ್ದರು. ಇಷ್ಟು ಕೊಟ್ಟು ತೆಗೆದುಕೊಂಡ ಮೇಲೆ ಮೇಸ್ತ್ರಿ ರಜೆ ಇಲ್ಲ ಅಂದರೆ? ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ.

ದರ ಏರಿಸಿ ಇಲಾಖೆ ಗೆದ್ದಿತೇ? ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2018ರ ವರದಿಯಲ್ಲಿ ಫ್ಲೆಕ್ಸಿ ದರದ ಮೊದಲ ತಿಂಗಳುಗಳ ಲೆಕ್ಕ ಇದೆ. 552 ಕೋಟಿ ರೂಪಾಯಿ ಹೆಚ್ಚು ಬಂತು, ಆದರೆ ಸುಮಾರು 7 ಲಕ್ಷ ಪ್ರಯಾಣಿಕರು ಕಡಿಮೆಯಾದರು. ಹಿಂದೆ ತುಂಬುತ್ತಿದ್ದ ಬರ್ತ್‌ಗಳು ಖಾಲಿ ಓಡಿದವು. ಅದೇ ವರ್ಷ 15 ರೈಲುಗಳಲ್ಲಿ ಫ್ಲೆಕ್ಸಿ ದರ ಪೂರ್ತಿ ಕೈಬಿಟ್ಟು, ಉಳಿದವುಗಳ ಗರಿಷ್ಠ ದರವನ್ನು ಒಂದೂವರೆ ಪಟ್ಟಿನಿಂದ 1.4 ಪಟ್ಟಿಗೆ ಇಳಿಸಬೇಕಾಯಿತು.

ಖಾಸಗಿ ಬಸ್ಸು ದೋಚುತ್ತದೆ, ಹಾಗಾಗಿ ರೈಲೂ ಸ್ವಲ್ಪ ಹೆಚ್ಚು ತೆಗೆದುಕೊಳ್ಳಲಿ ಅನ್ನುವುದು ವಾದವೇ ಅಲ್ಲ. ಬಸ್ಸಿನವರ ಬಾಯಿಗೆ ಸ್ವಲ್ಪವಾದರೂ ಕಡಿವಾಣ ಇರುವುದು ಅದೇ ಊರಿಗೆ ಮುನ್ನೂರು ರೂಪಾಯಿಗೆ ಹೋಗುವ ರೈಲು ಇದೆ ಅನ್ನುವ ಕಾರಣಕ್ಕೆ. ಘಾಟಿಯ ಮಾತು ಒಪ್ಪೋಣ. ಆದರೆ ಹುಬ್ಬಳ್ಳಿ, ಕಲಬುರಗಿ ದಾರಿಯಲ್ಲಿ ಅಂಥ ಘಾಟಿ ಎಲ್ಲಿದೆ?

ರಿಯಾಯಿತಿಗಳ ಕಥೆಯನ್ನೂ ನೋಡಿ. 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ಇದ್ದ ರಿಯಾಯಿತಿ ಕೋವಿಡ್ ಹೊತ್ತಿಗೆ, 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬರಲೇ ಇಲ್ಲ. 2025ರ ದೀಪಾವಳಿಗೆ ಹೋಗಿಬರುವ ಎರಡೂ ಟಿಕೆಟ್ ಒಟ್ಟಿಗೆ ಮಾಡಿಸಿದರೆ ವಾಪಸ್ ಪ್ರಯಾಣದ ಮೂಲ ದರದಲ್ಲಿ ಶೇ 20 ಕಡಿತ ಅಂದರು. ಕೇಳಲು ಚೆನ್ನಾಗಿದೆ ಅಲ್ವಾ? ಷರತ್ತು ಓದಿ. ಹೋಗುವುದು ಅಕ್ಟೋಬರ್ 13ರಿಂದ 26ರೊಳಗೆ, ಬರುವುದು ನವೆಂಬರ್ 17ರಿಂದ ಡಿಸೆಂಬರ್ 1ರೊಳಗೆ. ಹಬ್ಬಕ್ಕೆ ಊರಿಗೆ ಹೋದವರು ಕಡಿಮೆ ಅಂದರೂ ಮೂರು ವಾರ ಅಲ್ಲೇ ಕೂರಬೇಕು. ಬೆಂಗಳೂರಿನಲ್ಲಿ ಕೂಲಿ ಮಾಡುವ ಯಾರಿಗೆ ಅಷ್ಟು ರಜೆ ಇದೆ?

ಬೇಕಾಗಿರುವುದು ಬೇರೆಯೇ. ಜನರಲ್ ಮತ್ತು ಸ್ಲೀಪರ್ ಬೋಗಿ ಜಾಸ್ತಿ ಇರುವ ಸ್ಪೆಷಲ್ ರೈಲುಗಳು, ಅದೂ ಮಾಮೂಲಿ ದರಕ್ಕೆ. ಈಗ ಎಷ್ಟೋ ಸ್ಪೆಷಲ್‌ಗಳ ಸುದ್ದಿ ಬರುವುದು ಜನ ಬಸ್ಸಿಗೆ ದುಡ್ಡು ಕಟ್ಟಿಯಾದ ಮೇಲೆ. ಮುಂದಿನ ದೀಪಾವಳಿ ಯಾವ ದಿನ ಅಂತ ಪಂಚಾಂಗದಲ್ಲಿ ಮೊದಲೇ ಇರುತ್ತದೆ. ಉಳಿದ ರೈಲುಗಳ ಹಾಗೆ ಸ್ಪೆಷಲ್‌ಗಳನ್ನೂ 60 ದಿನ ಮುಂಚೆ ಬುಕಿಂಗ್‌ಗೆ ಬಿಡಲು ಇಲಾಖೆಗೆ ಏನು ಅಡ್ಡಿ?