ಬಾಟ್ಲು ಏರ್ಸೋಕೂ ಸರ್ಟಿಫಿಕೇಟ್ ಬೇಕಾ?

ನಮ್ ನರ್ಸಿಂಗ್ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೂರು ದಿನದಿಂದ ಜಗಳ. ಒಬ್ಳು ಕೆಲ್ಸ ಮಾಡೋ ಆಸ್ಪತ್ರೇಲಿ ಸರ್ಕ್ಯುಲರ್ ಬಂದಿದೆಯಂತೆ, ಇನ್ಮೇಲೆ ಐವಿ (ನರದ ಮೂಲಕ ಔಷಧಿ ಕೊಡೋ) ಸರ್ಟಿಫಿಕೇಟ್ ಇಲ್ದೇ ಇರೋ ಸ್ಟಾಫ್ ಯಾರೂ ಕ್ಯಾನುಲಾ, ಅಂದ್ರೆ ನರದೊಳಗೆ ಕೂರಿಸೋ ಸಣ್ಣ ಕೊಳವೆ, ಮುಟ್ಟಂಗಿಲ್ಲ, ಕೋರ್ಸ್ ಫೀಸು ನೀವೇ ಕಟ್ಕೊಳ್ಳಿ, ವೀಕ್ಲಿ ಆಫ್ ದಿನ ಬಂದು ಮುಗಿಸ್ಕೊಳ್ಳಿ ಅಂತ. ಅರ್ಧ ಜನ "ಹನ್ನೆರಡು ವರ್ಷದಿಂದ ನರ ಹುಡುಕ್ತಾ ಇದೀವಿ, ಈಗ ಪರೀಕ್ಷೆ ಬರೀಬೇಕಾ" ಅಂತ ಉರ್ಕೊಂಡಿದಾರೆ, ಇನ್ನರ್ಧ ಬೇಕೇ ಬೇಕು ಅಂತಾರೆ. ನಾನು ಬೇಕು ಅನ್ನೋರ ಕಡೆ, ಆದ್ರೆ ಆ ಸರ್ಕ್ಯುಲರ್ ಬರ್ದೋರ್ ಕಡೆ ಅಂತ ಮಾತ್ರ ಅನ್ಕೋಬೇಡಿ.

ಓದೋವಾಗ ಏನ್ ಕಲ್ತಿದ್ವಿ ಅಂತ ಸ್ವಲ್ಪ ನೆನಪು ಮಾಡ್ಕೊಳ್ರಪ್ಪ. ಲ್ಯಾಬಲ್ಲಿ ಒಂದು ರಬ್ಬರ್ ಕೈ ಇತ್ತು, ಅದನ್ನ ಅಷ್ಟೂ ಬ್ಯಾಚಿನೋರು ಚುಚ್ಚಿ ಚುಚ್ಚಿ ಜರಡಿ ಮಾಡಿಟ್ಟಿದ್ರು, ಸೂಜಿ ಎಲ್ಲಿಟ್ರೂ ಒಳಗೆ ಹೋಗೋದು, ಎಲ್ರೂ ಪಾಸು, ಲಾಗ್‌ಬುಕ್ಕಿಗೆ ಸಹಿ. ನಿಜವಾಗ್ಲೂ ಕಲ್ತಿದ್ದು ಕೆಲ್ಸಕ್ಕೆ ಸೇರಿದ್ಮೇಲೆ, ಒಬ್ರು ಸೀನಿಯರ್ ಸಿಸ್ಟರ್ ನನ್ ಕನ್ನಡಕ ಕಿತ್ಕೊಂಡು "ಕಣ್ಣಲ್ಲಿ ಹುಡುಕ್ಬೇಡ, ಬೆರಳಲ್ಲಿ ಹುಡುಕು" ಅಂದ ದಿನ. ಕ್ಯಾನುಲಾ ಸೈಜು ಹಸಿರು 18, ಪಿಂಕ್ 20, ನೀಲಿ 22, ಹಳದಿ 24, ನಂಬರ್ ಕಡಿಮೆಯಾದಷ್ಟೂ ದಪ್ಪ ಅಂತ ಬಾಯಿಪಾಠ ಎಲ್ರಿಗೂ ಬರುತ್ತೆ. ಎಂಬತ್ತು ವರ್ಷದ ಅಜ್ಜಿಯ ಕಾಗದದಂಥ ಚರ್ಮಕ್ಕೆ ಸುಮ್ಸುಮ್ನೆ ಹಸಿರು ತಗೊಂಡು ಹೋಗ್ಬಾರ್ದು ಅನ್ನೋದು ನನಗಂತೂ ಒಬ್ಬ ಅಜ್ಜಿಯ ಕೈ ಪೂರ್ತಿ ನೀಲಿಗಟ್ಟಿದ್ಮೇಲೇ ಗೊತ್ತಾಗಿದ್ದು.

ಜನ ನಮ್ಮನ್ನ ಅಳೆಯೋದು ಚುಚ್ಚೋದ್ರಲ್ಲಿ. "ಆ ಸಿಸ್ಟರ್ ಕೈಗುಣ ಚೆನ್ನಾಗಿದೆ, ಒಂದೇ ಸಲಕ್ಕೆ ಹಾಕ್ತಾರೆ." ಕೈಗುಣ ಇರ್ಲಿ ಬಿಡಿ, ಅದು ಬೇಕು. ಆದ್ರೆ ಕೈ ಹಾಳಾಗೋದು ಹೆಚ್ಚಾಗಿ ಚುಚ್ಚಿದ್ಮೇಲೆ. ನಂದೇ ಒಂದು ಹೇಳ್ತೀನಿ. ಥೈರಾಯ್ಡ್ ಆಪರೇಷನ್ ಆಗಿದ್ದ ಒಬ್ರು ಹೆಂಗಸು, ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳೆಲ್ಲ ಜುಮ್ಮು ಹಿಡೀತಿದೆ ಅಂತ ಕ್ಯಾಲ್ಸಿಯಂ ಗ್ಲುಕೋನೇಟ್ ಡ್ರಿಪ್ ಹೋಗ್ತಿತ್ತು. ರಾತ್ರಿ ಎರಡು ಗಂಟೆಗೆ ಮಗಳು ಬಂದು "ಸಿಸ್ಟರ್, ಅಮ್ಮಂಗೆ ಕೈ ಉರೀತಿದೆಯಂತೆ" ಅಂದ್ಳು. ನಾನು ಹೋಗಿ ಹನಿ ನಿಧಾನ ಮಾಡಿ ಬಂದೆ, ಅಷ್ಟೇ. ಪ್ಲಾಸ್ಟರ್ ಬಿಚ್ಚಿ ನೋಡ್ಲಿಲ್ಲ, ಕೈ ಮುಟ್ಟಿ ತಣ್ಣಗಿದೆಯಾ ಬಿಗಿಯಾಗಿದೆಯಾ ಅಂತ ನೋಡ್ಲಿಲ್ಲ. ಅವತ್ತು ರಾತ್ರಿ 14 ಪೇಷೆಂಟ್ಸ್‌ಗೆ ನಾನೊಬ್ಳು. ನಾಲ್ಕೂವರೆಗೆ ನೋಡಿದ್ರೆ ಕೈ ಹಿಂಭಾಗ ಬನ್ನಿನ ಥರ ಉಬ್ಬಿದೆ, ಔಷಧಿಯೆಲ್ಲ ನರದಿಂದ ಹೊರಗೆ ಚರ್ಮದ ಕೆಳಗೆ ಸೋರಿದೆ. ಆಮೇಲೆ ಆ ಜಾಗ ಕಪ್ಪಾಯ್ತು, ಎರಡು ತಿಂಗ್ಳು ಡ್ರೆಸ್ಸಿಂಗ್. ನನಗೆ ಯಾರೂ ಬೈಲಿಲ್ಲ, "ಲೈನ್ ಔಟ್ ಆಗಿತ್ತು" (ಕ್ಯಾನುಲಾ ನರದಿಂದ ಹೊರಗೆ ಬಂದಿತ್ತು) ಅಂತ ಬರ್ದು ಫೈಲ್ ಮುಚ್ಚಿದ್ರು. ಲೈನು ಯಾವತ್ತೂ ತಾನಾಗೇ ಔಟ್ ಆಗೋದು ನಮ್ ಕಡೆ, ಯಾರ್ದೂ ತಪ್ಪಿರಲ್ಲ.

ಹಂಗಾಗಿ ಸುಮ್ನೆ ಚುಚ್ಚೋಕೆ ಬರುತ್ತಾ ಅಂತ ನೋಡೋ ಸರ್ಟಿಫಿಕೇಟ್ ನನಗೆ ಬೇಡ, ಚುಚ್ಚಿದ್ಮೇಲಿನ ಕೆಲ್ಸಾನೂ ನೋಡೋದು ಬೇಕು. 500 ಎಂಎಲ್ ನಾಲ್ಕು ಗಂಟೆಲಿ ಹೋಗ್ಬೇಕು ಅಂದ್ರೆ ಒಂದು ಎಂಎಲ್‌ಗೆ 20 ಹನಿ ಬೀಳೋ ಮಾಮೂಲಿ ಸೆಟ್ಟಲ್ಲಿ ನಿಮಿಷಕ್ಕೆ 42 ಹನಿ, ಇದನ್ನ ವಾಚ್ ಇಟ್ಕೊಂಡು ಎಣಿಸೋರು ಎಷ್ಟು ಜನ, ಅಂದಾಜಿಗೆ ತಿರುಗಿಸಿ ಹೋಗೋರು ಎಷ್ಟು ಜನ ಅಂತ ನಮ್ಗೆ ನಮ್ಗೇ ಗೊತ್ತು. ಪೊಟ್ಯಾಸಿಯಂ ಬಾಟ್ಲಲ್ಲಿ ಬೆರ್ಸಿ ನಿಧಾನಕ್ಕೆ ಹೋದ್ರೆ ಔಷಧಿ, ಅದೇ ಆಂಪೂಲನ್ನ ನೇರ ಪುಶ್ ಮಾಡಿದ್ರೆ ಹೃದಯ ನಿಲ್ಲುತ್ತೆ. (ಪಬ್ಲಿಕ್ಕೂ ಕೇಳಿಸ್ಕೊಳ್ಳಿ, ಸುಸ್ತು ಅಂತ ಹಾಕಿಸ್ಕೊಳ್ಳೋ 5 ಪರ್ಸೆಂಟ್ ಗ್ಲೂಕೋಸ್ 500 ಎಂಎಲ್ ಬಾಟ್ಲಲ್ಲಿ ಇರೋದು 25 ಗ್ರಾಂ ಸಕ್ಕರೆ. ಇದನ್ನ ನಮ್ ಅತ್ತೇನೇ ನಂಬಲ್ಲ.)

ನನ್ ಫ್ರೆಂಡ್ ಒಬ್ಳು ಇಂಗ್ಲೆಂಡಿಗೆ ಹೋದ್ಳು, ಇಲ್ಲಿ ಐಸಿಯುನಲ್ಲಿ ಎಂಟು ವರ್ಷ ಮಾಡಿದೋಳು. ಅಲ್ಲಿ ರಿಜಿಸ್ಟ್ರೇಷನ್ ಪರೀಕ್ಷೆ ಎಲ್ಲ ಪಾಸಾದ್ಮೇಲೂ ಐವಿ ಟ್ರೇನಿಂಗ್ ಮುಗಿಸಿ ಸಹಿ ಬೀಳೋವರ್ಗೂ ಆ್ಯಂಟಿಬಯಾಟಿಕ್ ಕೂಡ ಕೊಡೋಕೆ ಬಿಡ್ಲಿಲ್ಲವಂತೆ, ಫೋನಲ್ಲಿ ಅತ್ಬಿಟ್ಳು. ಆದ್ರೆ ಆ ಟ್ರೇನಿಂಗ್ ಡ್ಯೂಟಿ ಟೈಮಲ್ಲೇ, ಸಂಬಳದ ಜೊತೆ. ಅಮೆರಿಕದಲ್ಲಿ ಸಿಆರ್‌ಎನ್‌ಐ ಅಂತ ಐವಿ ಕೆಲ್ಸದ ನರ್ಸ್‌ಗಳಿಗೇ ಒಂದು ಸರ್ಟಿಫಿಕೇಟ್ ಇದೆ, ಆ ಪರೀಕ್ಷೆಗೆ ಕೂರೋಕೇ ಹಿಂದಿನ 2 ವರ್ಷದಲ್ಲಿ 1,600 ಗಂಟೆ ಇನ್‌ಫ್ಯೂಷನ್ (ಡ್ರಿಪ್, ಐವಿ) ಕೆಲ್ಸ ಮಾಡಿರ್ಬೇಕು. ಇಲ್ಲಿ ನೋಡಿದ್ರೆ ಭಾನುವಾರ ಆನ್‌ಲೈನ್ ವೀಡಿಯೋ ಹಾಕಿ ಪಾತ್ರೆ ತೊಳ್ಕೊಂಡು ಸರ್ಟಿಫಿಕೇಟ್ ಡೌನ್‌ಲೋಡ್ ಮಾಡ್ಕೋಬಹುದು.

ಇನ್ನು ದುಡ್ಡಿನ ವಿಷ್ಯ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ಮೇಲೆ ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಆದ ಕಮಿಟಿ, 50 ಬೆಡ್‌ಗಿಂತ ಚಿಕ್ಕ ಆಸ್ಪತ್ರೇಲೂ ನರ್ಸಿಗೆ ತಿಂಗ್ಳಿಗೆ 20,000ಕ್ಕಿಂತ ಕಡಿಮೆ ಕೊಡ್ಬಾರ್ದು ಅಂತು. ನನ್ ಜೊತೆ ಓದಿದ ಇಬ್ರಿಗೆ ಇವತ್ತಿಗೂ ಅಷ್ಟು ಬರ್ತಿಲ್ಲ, ಅವ್ರು ಫೀಸು ಎಲ್ಲಿಂದ ತರ್ಬೇಕು? ಇನ್ನೊಂದು, ಈ ರೂಲು ಬಂದ್ರೆ ಬೀಳೋದು ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಇರೋ ನಮ್ ಮೇಲೆ. ನಾನು ಮೊದ್ಲು ಇದ್ದ ಸಣ್ಣ ನರ್ಸಿಂಗ್ ಹೋಮಲ್ಲಿ ಪಿಯುಸಿ ಮುಗ್ಸಿ ಬಂದ ಹುಡ್ಗಿ ಕೈಲಿ ಬಾಟ್ಲು ಏರಿಸ್ತಿದ್ರು, ಪಾಪ ಅವ್ಳನ್ನೂ ಎಲ್ರೂ ಸಿಸ್ಟರ್ ಅಂತಿದ್ರು. ಅವ್ಳಿಗೆ ಯಾವ ಸರ್ಕ್ಯುಲರ್ರೂ ಇಲ್ಲ.

ನನ್ ಕೇಳಿದ್ರೆ, ಆಸ್ಪತ್ರೇನೇ ಖರ್ಚು ಹಾಕಿ, ಡ್ಯೂಟಿ ಅವಧೀಲೇ, ಒಬ್ರು ಸೀನಿಯರ್ ಪಕ್ಕದಲ್ಲಿ ನಿಂತು ಇಪ್ಪತ್ತು ಇಪ್ಪತ್ತೈದು ಕ್ಯಾನುಲಾ ನೋಡ್ಲಿ, ಸೋರಿಕೆ ಗುರುತಿಸೋಕೆ ಬರುತ್ತಾ ಕೇಳ್ಲಿ, ವರ್ಷಕ್ಕೊಂದ್ಸಲ ಮತ್ತೆ ನೋಡ್ಲಿ. ಎರಡು ಸಲ ಚುಚ್ಚಿ ಸಿಗ್ಲಿಲ್ಲ ಅಂದ್ರೆ ಇನ್ನೊಬ್ರನ್ನ ಕರೀಬೇಕು, ಅದರಲ್ಲಿ ಮರ್ಯಾದೆ ಹೋಗೋದೇನಿಲ್ಲ. ಮತ್ತೆ ರಾತ್ರಿ 14 ಜನಕ್ಕೆ ಒಬ್ಳನ್ನ ಬಿಟ್ಟು ಸರ್ಟಿಫಿಕೇಟ್ ಕೇಳೋರಿಗೆ ನನ್ ಹತ್ರ ಉತ್ತರ ಇಲ್ಲ, ನರ್ಸಿಂಗ್ ಕೌನ್ಸಿಲ್ ನಾರ್ಮ್ಸಲ್ಲಿ ಜನರಲ್ ವಾರ್ಡಲ್ಲಿ ಎಷ್ಟು ಪೇಷೆಂಟ್ಸ್‌ಗೆ ಒಬ್ಬ ನರ್ಸ್ ಅಂತಿದೆ ಅಂತ ಅವ್ರೇ ತೆಗ್ದು ಓದ್ಕೊಳ್ಳಿ.

ಗ್ರೂಪಲ್ಲಿ ಇಷ್ಟುದ್ದ ಹಾಕಿದ್ರೆ ತಮ್ಸಪ್ ಒತ್ತಿ ಹೋಗ್ತಾರೆ ಅಂತ ಇಲ್ಲಿ ಹಾಕಿದೀನಿ. ಸರ್ಕ್ಯುಲರಿಗೆ ಸಹಿ ಹಾಕೋಕೆ ಶನಿವಾರ ಲಾಸ್ಟ್ ಡೇಟಂತೆ. ಆ ಆಸ್ಪತ್ರೇಲಿರೋ ನಮ್ ಬ್ಯಾಚಿನೋಳಿಗೆ ಹೇಳಿದೀನಿ, ಸಹಿ ಹಾಕು, ಅದರ ಕೆಳಗೆ ಪೆನ್ನಲ್ಲಿ "ಡ್ಯೂಟಿ ಅವಧಿಯಲ್ಲಿ, ಆಸ್ಪತ್ರೆ ಖರ್ಚಿನಲ್ಲಿ" ಅಂತ ಬರ್ದು ಒಂದು ಫೋಟೋ ತೆಕ್ಕೊಂಡು ಕೊಡು ಅಂತ.